ಗಾಜಿನ ಊರು ಕಲಿಸುವ ಪಾಠ

ಕಿಟಕಿಗೆ ಕೂರಿಸುವ ನುಣುಪಾದ ಗಾಜಿನ ಹಲಗೆ ಜಗತ್ತಿನ ಯಾವ ಮೂಲೆಯಲ್ಲಿ ತಯಾರಾದರೂ, ಅದರ ತಯಾರಿಕೆಯ ಕ್ರಮ ಬಹುಮಟ್ಟಿಗೆ ಇಂಗ್ಲೆಂಡಿನ ಒಂದು ಊರಿನದು. ಲಿವರ್‌ಪೂಲಿಗೆ ಸಮೀಪದ ಸೇಂಟ್ ಹೆಲೆನ್ಸ್ ಆ ಊರು. ಕರಗಿದ ತವರದ ಮೇಲೆ ಗಾಜಿನ ದ್ರವವನ್ನು ತೇಲಿಬಿಟ್ಟು, ಉಜ್ಜದೆಯೇ ಸಮತಲವಾದ ಹಲಗೆಯನ್ನು ಪಡೆಯುವ ವಿಧಾನವನ್ನು ಅಲಸ್ಟೇರ್ ಪಿಲ್ಕಿಂಗ್ಟನ್ನರೂ ಅವರ ಸಂಗಡಿಗರೂ ಸಾಧಿಸಿದರು. 1959ರಲ್ಲಿ ಅದು ಲೋಕಕ್ಕೆ ತಿಳಿಯಿತು. ಈ ಕೀರ್ತಿ ನ್ಯಾಯವಾದುದೆ. ಆದರೆ ವಿದ್ಯಾರ್ಥಿಗಳು ಇದಕ್ಕೂ ಹಿಂದಿನ ನೂರು ವರ್ಷಗಳ ಕಥೆಯನ್ನು ಅರಿಯುವುದು ಹೆಚ್ಚು ಅವಶ್ಯವೆಂದು ನಾವು ಭಾವಿಸುತ್ತೇವೆ.

ನೆಲದಡಿಯ ಕಲ್ಲಿದ್ದಲು ಈ ಊರಿನ ಬೆಳವಣಿಗೆಗೆ ಮೂಲ. 1757ರಲ್ಲಿ ತೆರೆದ ಸ್ಯಾಂಕಿ ಕಾಲುವೆ ಅದನ್ನು ಹೊರಗೆ ಸಾಗಿಸಿತು. ಚೆಷೈರಿನ ಉಪ್ಪು ನೆರೆಯಲ್ಲೇ ಇದ್ದಿತು. ಗಾಜಿಗೆ ಮರಳು, ಸುಣ್ಣಗಳೊಡನೆ ಸೋಡಾ ಬೇಕು. 1828ರಲ್ಲಿ ಇಲ್ಲಿ ಲೆಬ್ಲಾಂಕ್ ವಿಧಾನದ ಸೋಡಾ ಕಾರ್ಖಾನೆಯ ಸ್ಥಾಪನೆಯಾಯಿತು. ಉಪ್ಪನ್ನು ಗಂಧಕಾಮ್ಲದೊಡನೆ ಕಾಯಿಸುವುದು ಈ ವಿಧಾನದ ಮೊದಲ ಹೆಜ್ಜೆ. ಆಗ ಹೊರಡುವ ಹೈಡ್ರೊಕ್ಲೋರಿಕ್ ಆಮ್ಲದ ಅನಿಲವನ್ನು ಚಿಮಣಿಗಳಿಂದ ಗಾಳಿಗೆ ಬಿಟ್ಟರು. ಸುತ್ತಲಿನ ಮರಗಳೂ ಬೇಲಿಗಳೂ ಒಣಗಿದವು. ಉಳಿದ ಗಂಧಕಯುಕ್ತ ಕಸದ ರಾಶಿಗಳಿಂದ ಕೊಳೆತ ಮೊಟ್ಟೆಯ ನಾತ ಹರಡಿತು.

ಪರಿಹಾರ ತಿಳಿಯದೆ ಇರಲಿಲ್ಲ. ಈ ಅನಿಲ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಗೋಪುರದೊಳಗೆ ಮೇಲಿನಿಂದ ನೀರನ್ನು ಜಿನುಗಿಸಿ, ಕೆಳಗಿನಿಂದ ಅನಿಲವನ್ನು ಹಾಯಿಸುವ ಉಪಾಯವನ್ನು ವಿಲಿಯಂ ಗಾಸೇಜ್ 1836ರಲ್ಲೇ ಕಂಡುಹಿಡಿದಿದ್ದನು. ಆದರೂ ಅನಿಲದ ನೂರಕ್ಕೆ 95 ಪಾಲನ್ನು ತಡೆಯಲೇಬೇಕೆಂಬ ಕಾನೂನು ಬಂದುದು 1863ರಲ್ಲಿ. ಅದೂ ನೆರೆಯ ನೋಸ್ಲಿಯ ಭೂಮಾಲೀಕನಾದ ಡರ್ಬಿ ಪ್ರಭುವು ಪಾರ್ಲಿಮೆಂಟಿನಲ್ಲಿ ವಿಷಯವನ್ನೆತ್ತಿದ ಮೇಲೆ. ನಡುವೆ ಕಳೆದವು 27 ವರ್ಷಗಳು! ಅಷ್ಟು ಕಾಲವೂ ಆ ಗಾಳಿಯನ್ನು ಉಸಿರಾಡಿದವರು ಅಲ್ಲಿಯ ಕೂಲಿಗಾರರು ಮತ್ತು ಅವರ ಮಕ್ಕಳು.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಹಿಡಿದ ಆಮ್ಲವನ್ನು ಹಳ್ಳಗಳಿಗೆ ಹರಿಯಬಿಟ್ಟರು. ಗಾಳಿಯ ಕೇಡು ನೀರಿಗೆ ಇಳಿಯಿತು. ಆ ಆಮ್ಲದಿಂದ ಕ್ಲೋರಿನ್ ಪಡೆದು ಚೆಲುವೆ ಪುಡಿ ತಯಾರಿಸುವುದು ಲಾಭಕರವಾದಾಗ ಮಾತ್ರ ಕಸವು ಸರಕಾಯಿತು.

ವಿಜ್ಞಾನದ ಅರಿವೊಂದೇ ಸಾಲದು, ಕಾನೂನೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ರಸಾಯನ ಸಮೀಕರಣದ ಬಲಬದಿಯಲ್ಲಿ ನಾವು ಬಯಸಿದ ವಸ್ತುವಿನೊಡನೆ ಬಯಸದ ವಸ್ತುವೂ ಇರುತ್ತದೆ. ಅದು ಬರೆದಲ್ಲಿಗೆ ಮಾಯವಾಗುವುದಿಲ್ಲ. ಎಲ್ಲಿಗೋ ಹೋಗಿ ಯಾರನ್ನೋ ಸೇರುತ್ತದೆ. ಸಮೀಕರಣವನ್ನು ಸರಿದೂಗಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆಯನ್ನು ಕೇಳುವುದನ್ನು ಇಂದೇ ರೂಢಿಸಿಕೊಳ್ಳಲಿ.