ಏಳಡಿ ಎರಡಂಗುಲದ ಆಸಾಮಿ

ನಮ್ಮ ಮೇಲಿನ ಮಹಡಿಯ ರಾಯರು ಶಿವಮೊಗ್ಗೆಯ ಕಡೆಯವರು. ದ್ವಾರಕೆಗೆ ಬಂದು ಇಪ್ಪತ್ತು ವರ್ಷ ಕಳೆದರೂ ಅವರ ಮಾತು ಮಾತ್ರ ಇನ್ನೂ ಮಲೆನಾಡು ಬಿಟ್ಟು ಬಂದಿಲ್ಲ. ಹೋದ ಭಾನುವಾರ ಬೆಳಗ್ಗೆ ನಾವು ಕಾಫಿಯ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಮಗನನ್ನು ಮುಂದಿಟ್ಟುಕೊಂಡು ಇಳಿದು ಬಂದರು. ಹುಡುಗನಿಗೆ ಹದಿನೈದು ತುಂಬಿದೆ. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು.

"ನೀವಾದರೂ ಇವನಿಗೆ ನಾಲ್ಕು ಬುದ್ಧಿ ಹೇಳಿ ಮಾರಾಯ್ರೆ. ಹತ್ತನೆಯ ಕ್ಲಾಸಿನ ಬೋರ್ಡ್ ಪರೀಕ್ಷೆ ತಲೆಯ ಮೇಲಿದೆ. ಇವನಿಗೆ ಮೂರು ಹೊತ್ತೂ ಬ್ಯಾಸ್ಕೆಟ್‌ಬಾಲ್. ಓದು ಬಿಟ್ಟು ಆಟವನ್ನೇ ಹಿಡಿಯುತ್ತಾನಂತೆ."

ಹುಡುಗ ಬಾಯಿ ಬಿಡಲಿಲ್ಲ. ಜೇಬಿನಿಂದ ಫೋನು ತೆಗೆದು ಒಂದು ಚಿತ್ರ ತೋರಿಸಿದ. ಅದರಲ್ಲಿದ್ದವರು ಸತ್ನಾಮ್ ಸಿಂಗ್ ಭಮಾರಾ. ಈ ಸಂಚಿಕೆಗೆಂದು ನಾವು ಬೇರೆ ವಿಷಯ ಗೊತ್ತುಮಾಡಿಕೊಂಡಿದ್ದುದು ನಿಜ; ಅದು ಮುಂದಿನ ಸಂಚಿಕೆಯವರೆಗೆ ಕಾಯಲಿ.

ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಹಳ್ಳಿಯಲ್ಲಿ 1995ರ ಡಿಸೆಂಬರಿನಲ್ಲಿ ಹುಟ್ಟಿದವರು ಇವರು. ತಂದೆ ಬೇಸಾಯಗಾರರು, ಅವರೂ ಏಳಡಿಗೆ ಮೇಲ್ಪಟ್ಟವರೇ. ಆ ತಂದೆಗೂ ಒಂದು ಕಾಲದಲ್ಲಿ ಚೆಂಡು ಹಿಡಿಯುವ ಆಸೆ ಇತ್ತು. ಮನೆಯ ಹಿರಿಯರು ಒಪ್ಪದೆ ಹೊಲಕ್ಕೆ ನಿಲ್ಲಿಸಿಕೊಂಡರು. ಮಗನ ಸರದಿ ಬಂದಾಗ ಅವರು ಆ ಹಳೆಯ ತಪ್ಪನ್ನು ಮತ್ತೆ ಮಾಡಲಿಲ್ಲ, ಲುಧಿಯಾನಾದ ಬ್ಯಾಸ್ಕೆಟ್‌ಬಾಲ್ ಅಕಾಡೆಮಿಗೆ ಕಳಿಸಿದರು. 2010ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ, ಹುಡುಗ ಅಮೆರಿಕದ ಫ್ಲಾರಿಡಾದಲ್ಲಿರುವ ಐ.ಎಂ.ಜಿ. ಅಕಾಡೆಮಿ ಸೇರಿದ. ಇಂಗ್ಲಿಷು ಬಾರದು, ಊಟ ಒಗ್ಗದು. ಮೊದಲ ಸಲ ದೆಹಲಿಯ ಚಳಿಯಲ್ಲಿ ಇಳಿದು, ಹಿಂದಿ ಬಾರದೆ ತರಕಾರಿಯವನ ಮುಂದೆ ಕೈಸನ್ನೆ ಮಾಡಿದ ನಮ್ಮ ವಾಚಕರಿಗೆ ಆ ಹುಡುಗನ ಪಾಡನ್ನು ನಾವು ವಿವರಿಸಬೇಕಾದ್ದಿಲ್ಲ.

2015ರ ಜೂನ್ 25ರಂದು ಡಲಾಸ್ ಮ್ಯಾವರಿಕ್ಸ್ ತಂಡ ಅವರನ್ನು ಐವತ್ತೆರಡನೆಯವರಾಗಿ ಆರಿಸಿಕೊಂಡಿತು. ಭಾರತದಲ್ಲಿ ಹುಟ್ಟಿದವರೊಬ್ಬರು ಎನ್.ಬಿ.ಎ. ಆಯ್ಕೆಯಲ್ಲಿ ಹೆಸರು ಕೂಗಿಸಿಕೊಂಡದ್ದು ಅದೇ ಮೊದಲು. ಮರುವರ್ಷ ಅವರ ಮೇಲೆ 'ಒನ್ ಇನ್ ಎ ಬಿಲಿಯನ್' ಎಂಬ ಸಾಕ್ಷ್ಯಚಿತ್ರವೂ ಬಂತು. ರಾಯರ ಮಗನಿಗೆ ಗೊತ್ತಿದ್ದುದು ಇಷ್ಟು.

ಇನ್ನುಳಿದುದನ್ನು ನಾವು ಹೇಳಿದೆವು. ಆಯ್ಕೆಯಾದರೇ ಹೊರತು ಎನ್.ಬಿ.ಎ.ಯ ಲೀಗ್ ಪಂದ್ಯವೊಂದರಲ್ಲೂ ಅವರು ಅಂಗಳಕ್ಕಿಳಿಯಲಿಲ್ಲ. ಕೆಳಗಿನ ದರ್ಜೆಯ ಟೆಕ್ಸಸ್ ಲೆಜೆಂಡ್ಸ್ ತಂಡದಲ್ಲಿ ಎರಡು ವರ್ಷ, ಅದರಲ್ಲಿಯೂ ಹೆಚ್ಚಿನ ಕಾಲ ಬೆಂಚಿನ ಮೇಲೆ. ಆಮೇಲೆ ಕೆನಡಾದ ಒಂದು ತಂಡ. 2019ರ ನವೆಂಬರಿನಲ್ಲಿ ದಕ್ಷಿಣ ಏಷ್ಯಾ ಕ್ರೀಡಾಕೂಟದ ಸಿದ್ಧತೆಯ ಹೊತ್ತಿಗೆ ನಡೆದ ಮದ್ದು ಪರೀಕ್ಷೆಯಲ್ಲಿ ಹೈಜೆನಮೈನ್ ಎಂಬ ನಿಷಿದ್ಧ ವಸ್ತು ಕಂಡುಬಂದು, ಎರಡು ವರ್ಷದ ನಿಷೇಧ ಬಿತ್ತು. ಅದು ಕೆಲವು ಗಿಡಮೂಲಿಕೆಗಳಲ್ಲೂ, ಪುಷ್ಟಿಗೆಂದು ಮಾರುವ ಕೆಲವು ಪುಡಿ ಮಾತ್ರೆಗಳಲ್ಲೂ ಇರುವ ಪದಾರ್ಥ. ಅವರ ದೇಹಕ್ಕೆ ಅದು ಹೇಗೆ ಸೇರಿತೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಮೈಯಲ್ಲಿ ಸಿಕ್ಕಿದ ವಸ್ತುವಿಗೆ ಆಟಗಾರನೇ ಹೊಣೆ ಎಂಬುದು ನಿಯಮ. 'ಗೊತ್ತಿರಲಿಲ್ಲ' ಎಂದಮಾತ್ರಕ್ಕೆ ಬಿಡುವುದಿಲ್ಲ. ಈ ಮಾತು ಬಂದಾಗ ರಾಯರು ಮಗನ ಕಡೆ ತಿರುಗಿದರು. ಹುಡುಗನ ಕಪಾಟಿನಲ್ಲಿ ಸ್ನೇಹಿತನೊಬ್ಬ ಕೊಟ್ಟ ಪುಡಿಯ ಡಬ್ಬಿ ಇದೆಯೆಂದು ಆಗ ತಿಳಿಯಿತು. ಅದರ ಮೇಲಿನ ಚೀಟಿಯನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಮಕ್ಕಳು ಆಡುವ ಮನೆಗಳವರು ಇವತ್ತೇ ಒಮ್ಮೆ ಕಪಾಟು ತೆರೆದು ನೋಡುವುದು ಒಳ್ಳೆಯದು.

"ಆದರೆ ಈಗ ಅವರು ಟಿ.ವಿ.ಯಲ್ಲಿ ಬರುತ್ತಾರಲ್ಲ!" ಎಂದ ಹುಡುಗ. ಬಂದದ್ದು ನಿಜ. 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆಲ್ ಎಲೀಟ್ ರೆಸ್ಲಿಂಗ್ ಸಂಸ್ಥೆ ಸೇರಿ, 2022ರ ಏಪ್ರಿಲ್ 13ರಂದು ಅಖಾಡಕ್ಕೆ ಕಾಲಿಟ್ಟರು. ದೀಪಗಳೆಲ್ಲ ಒಮ್ಮೆಲೇ ಆರಿ ಮತ್ತೆ ಹತ್ತುವಷ್ಟರಲ್ಲಿ ಏಳಡಿ ಎರಡಂಗುಲದ ಆಸಾಮಿ ನಡುವೆ ನಿಂತಿದ್ದರು. ಸಮೋವಾ ಜೋ ಎಂಬ ಮಲ್ಲನ ಮೇಲೆ ಎರಗಿದರು. ರಾವ್ ತುಲಾರಾಂ ಮಾರ್ಗದ ನಮ್ಮ ಕರ್ನಾಟಕ ಸಂಘದಲ್ಲಿ ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ಬಣ್ಣದ ವೇಷ ರಂಗಕ್ಕೆ ಬರುವ ಠೀವಿಯೇ ಅದು! ತೆರೆಯ ಹಿಂದೆ ಆರ್ಭಟ, ಮುಂದೆ ಮಕ್ಕಳಿಗೆಲ್ಲ ಚಳಿ. ಈ ರೆಸ್ಲಿಂಗು ನಮ್ಮ ಮೈಸೂರಿನ ಗರಡಿಯ ಕುಸ್ತಿಯಂತಲ್ಲ. ಯಾರು ಗೆಲ್ಲಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ. ಹಾಗೆಂದು ಅದನ್ನು ಹಗುರವಾಗಿ ಕಾಣಲು ನಮಗೆ ಮನಸ್ಸಿಲ್ಲ. ರಕ್ಕಸನ ವೇಷ ಸುಳ್ಳಾದರೂ ಕುಣಿದವನ ಮಂಡಿನೋವು ಸುಳ್ಳಲ್ಲ.

ದೆಹಲಿಗೂ ಇಂಥವರು ಹೊಸಬರಲ್ಲ. 2010ರ ಕಾಮನ್‌ವೆಲ್ತ್ ಕೂಟದಲ್ಲಿ, ನಮ್ಮ ತ್ಯಾಗರಾಜ ಕ್ರೀಡಾಂಗಣದಲ್ಲೇ, ಭಾರತದ ನೆಟ್‌ಬಾಲ್ ತಂಡದ ನಾಯಕಿಯಾಗಿದ್ದ ದೆಹಲಿಯ ಹುಡುಗಿ ಪ್ರಾಚಿ ತೆಹ್ಲಾನ್ ಬಳಿಕ ಧಾರಾವಾಹಿ, ಸಿನಿಮಾಗಳಿಗೆ ಹೋದರು; 2019ರ ಮಲಯಾಳ ಚಿತ್ರ 'ಮಾಮಾಂಗಂ' ನೋಡಿದವರಿಗೆ ಅವರ ಗುರುತಿದ್ದೀತು. ಇನ್ನು ಪ್ರವೀಣ್ ಕುಮಾರ್ ಸೋಬ್ತಿ. 1966 ಮತ್ತು 1970ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಡಿಸ್ಕಸ್ ಎಸೆತಕ್ಕೆ ಚಿನ್ನ ಗೆದ್ದವರು. ಚಿನ್ನದ ಮಾತು ಜನಕ್ಕೆ ಮರೆತುಹೋಯಿತು. 1988ರಿಂದ ದೂರದರ್ಶನದ 'ಮಹಾಭಾರತ'ದಲ್ಲಿ ಗದೆ ಹೊತ್ತು ಬಂದ ಭೀಮನನ್ನು ಮಾತ್ರ ಯಾರೂ ಮರೆಯಲಿಲ್ಲ. ಭಾನುವಾರ ಬೆಳಗ್ಗೆ ದೋಸೆ ಹೆಂಚಿನ ಮೇಲೆ ಸೀದುಹೋಗುತ್ತಿದ್ದುದು ನಮ್ಮ ಮನೆಯೊಂದರಲ್ಲೇ ಅಲ್ಲವಷ್ಟೆ. ಆ ಭೀಮನೇ ಮುಪ್ಪಿನಲ್ಲಿ, ಆಟಗಾರನಿಗೆ ಸಲ್ಲಬೇಕಾದ ಪಿಂಚಣಿ ಕೊಡಿ ಎಂದು ಪಂಜಾಬ್ ಸರ್ಕಾರವನ್ನು ಬಹಿರಂಗವಾಗಿ ಕೇಳಬೇಕಾಯಿತು. 2022ರ ಫೆಬ್ರವರಿಯಲ್ಲಿ ಇದೇ ದೆಹಲಿಯಲ್ಲಿ, 74ನೆಯ ವಯಸ್ಸಿಗೆ ತೀರಿಕೊಂಡರು.

ಇಷ್ಟು ಹೇಳುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ರಾಯರು ಗೆದ್ದವರ ಮುಖ ಮಾಡಿಕೊಂಡು, "ಕೇಳಿದೆಯೇನೋ?" ಎಂದರು. ಆದರೆ ನಾವು ಪೂರ್ತಿ ಅವರ ಪಕ್ಷವಲ್ಲ. ನಮ್ಮಲ್ಲಿ ಬ್ಯಾಸ್ಕೆಟ್‌ಬಾಲಿನಿಂದ ಅನ್ನ ಹುಟ್ಟುವುದು ಹೆಚ್ಚಾಗಿ ರೈಲ್ವೆ, ಸೇನೆ, ಪೊಲೀಸು ಮುಂತಾದ ಕಡೆ ಸಿಗುವ ಕ್ರೀಡಾ ನೌಕರಿಯಿಂದ. ಅದಕ್ಕೂ ಓದಿನ ಸರ್ಟಿಫಿಕೇಟು ಕೇಳುತ್ತಾರೆ ಎಂದು ಹುಡುಗನಿಗೆ ಹೇಳಿದೆವು. 2017ರಲ್ಲಿ ಗ್ರೇಟರ್ ನೋಯ್ಡಾದಲ್ಲಿ ತೆರೆದ ಎನ್.ಬಿ.ಎ. ಅಕಾಡೆಮಿಯಲ್ಲಿ ಪಳಗಿದ ಪ್ರಿನ್ಸ್‌ಪಾಲ್ ಸಿಂಗ್ ಎಂಬ ಹುಡುಗ 2020ರಲ್ಲಿ ಅಮೆರಿಕದ ತಂಡ ಸೇರಿದ್ದನ್ನು ಅವನ ಅಪ್ಪನಿಗೆ ಹೇಳಿದೆವು. ಬಲ್ಲೋಕೆಯ ಆ ತಂದೆಯ ಮಾತನ್ನೂ ಇನ್ನೊಮ್ಮೆ ನೆನಪಿಸಿದೆವು. ರಾಯರು ಅದಕ್ಕೆ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ತಾವು ಸಾಗರದ ಕಾಲೇಜಿನಲ್ಲಿ ವಾಲಿಬಾಲ್ ಆಡುತ್ತಿದ್ದುದನ್ನು ಹೇಳಿದರು. ಮಗ ಅದನ್ನು ಕೇಳಿದ್ದು ಅದೇ ಮೊದಲೆಂದು ಅವನ ಮುಖವೇ ಹೇಳುತ್ತಿತ್ತು.

ಸಂಜೆ ಕೆಳಗಿನ ಪಾರ್ಕಿನಲ್ಲಿ ಚೆಂಡು ಪುಟಿಯುವ ಸದ್ದು ಕೇಳಿ ನಾವು ಬಾಲ್ಕನಿಗೆ ಬಂದೆವು. ಹುಡುಗ ಒಬ್ಬನೇ ಆಡುತ್ತಿದ್ದ. ರಾಯರು ಕಲ್ಲುಬೆಂಚಿನ ಮೇಲೆ ಕುಳಿತು, ಒಂದು ಕೈಯಲ್ಲಿ ಹತ್ತನೆಯ ಕ್ಲಾಸಿನ ಗಣಿತ ಹಿಡಿದು, ಇನ್ನೊಂದು ಕೈಯಲ್ಲಿ ಪುಡಿಯ ಡಬ್ಬಿ ತಿರುಗಿಸಿ ತಿರುಗಿಸಿ ಚೀಟಿ ಓದುತ್ತಿದ್ದರು.