ಮಂಡಿಯ ಕಲೆ, ಮೂತ್ರಪಿಂಡದ ಕಲೆ

ಸೈಕಲ್ ಕಲಿಯುವಾಗ ಬಿದ್ದು ಮಂಡಿ ತರಚಿಕೊಳ್ಳದವರು ಯಾರಿದ್ದಾರೆ? ಮಕ್ಕಳೇ, ನಿಮ್ಮ ಮಂಡಿ ನೋಡಿಕೊಳ್ಳಿ. ಆಮೇಲೆ ಅಜ್ಜನ ಮಂಡಿಯನ್ನೂ ತೋರಿಸಲು ಹೇಳಿ. ಅರವತ್ತು ವರ್ಷದ ಹಿಂದಿನ ಗಾಯದ ಗುರುತು ಇನ್ನೂ ಅಲ್ಲೇ ಇದ್ದೀತು. ಗಾಯವಾದಾಗ ದೇಹ ಅವಸರದಲ್ಲಿ ಕೊಲಾಜೆನ್ ಎಂಬ ನಾರು ಹೆಣೆದು ತೇಪೆ ಹಾಕುತ್ತದೆ. ಅದೇ ಕಲೆ. ತೇಪೆಯಿಂದ ಗಾಯವೇನೋ ಮುಚ್ಚುತ್ತದೆ, ಆದರೆ ಆ ಜಾಗದಲ್ಲಿ ಕೂದಲು ಹುಟ್ಟದು, ಬೆವರೂ ಬರದು.

ಮಂಡಿಯ ಮೇಲಾದರೆ ಚಿಂತೆಯಿಲ್ಲ. ಇಂಥದೇ ತೇಪೆ ಮೂತ್ರಪಿಂಡದ ಒಳಗೆ ಬಿದ್ದರೆ?

ಏಳನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಾಳೆ: "ನಮ್ಮಜ್ಜಿಗೆ ಇರೋದು ಸಕ್ಕರೆ ಕಾಯಿಲೆ. ಡಾಕ್ಟರು ಕಿಡ್ನಿಗೆ ಅಂತ ಮೂತ್ರ ಪರೀಕ್ಷೆ ಬರೆದುಕೊಟ್ಟಿದ್ದಾರೆ. ನನಗೆ ನೋವೇ ಇಲ್ಲ, ಪರೀಕ್ಷೆ ಯಾಕೆ ಅಂತ ಅಜ್ಜಿ ಚೀಟಿಯನ್ನು ಡಬ್ಬಿಯಲ್ಲಿ ಇಟ್ಟುಬಿಟ್ಟಿದ್ದಾರೆ. ಏನು ಹೇಳಲಿ?"

ಮಗೂ, ಅಜ್ಜಿ ಹೇಳಿದ್ದು ಸುಳ್ಳಲ್ಲ. ಈ ಕಾಯಿಲೆಯಲ್ಲಿ ಮೂತ್ರಪಿಂಡ ನೋವೆಂದು ಕೂಗುವುದೇ ಇಲ್ಲ. (ಕಲ್ಲು ಸಿಕ್ಕಿಕೊಂಡಾಗ ಬರುವ ನೋವಿನ ಕಥೆ ಬೇರೆ.) ಅದಕ್ಕೇ ಪರೀಕ್ಷೆ ಬೇಕು.

ನಮ್ಮ ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ಜರಡಿಗಳಿವೆ. ಪ್ರತಿಯೊಂದೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಪುಟ್ಟ ಉಂಡೆ. ಇವೆಲ್ಲ ಸೇರಿ ದಿನಕ್ಕೆ ಸುಮಾರು 180 ಲೀಟರ್ ನೀರು ಸೋಸುತ್ತವೆ. ಮನೆಗೆ ತರಿಸುವ 20 ಲೀಟರಿನ ನೀರಿನ ಕ್ಯಾನು ಒಂಬತ್ತು! ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ, ಮಿಕ್ಕದ್ದು ರಕ್ತಕ್ಕೆ ವಾಪಸು ಹೋಗುತ್ತದೆ.

ಜರಡಿ ಹೇಗಿದೆ ಗೊತ್ತೆ? ಎರಡೂ ಕೈಗಳ ಬೆರಳು ಹೆಣೆದು ಬೊಗಸೆ ಮಾಡಿ, ಅದರಲ್ಲಿ ಅಕ್ಕಿ ತೊಳೆಯಿರಿ. ನೀರು ಸಂದಿನಲ್ಲಿ ಸೋರುತ್ತದೆ, ಅಕ್ಕಿ ಉಳಿಯುತ್ತದೆ. ರಕ್ತನಾಳದ ಹೊರಗೆ ಪೋಡೊಸೈಟ್ ಎಂಬ ಕೋಶಗಳು ಹೀಗೇ ಬೆರಳು ಹೆಣೆದು ಕೂತಿವೆ. ಅವು ಬಿಡದೆ ಹಿಡಿದಿಡುವ ಅಕ್ಕಿ ಎಂದರೆ ಆಲ್ಬುಮಿನ್ ಎಂಬ ಪ್ರೋಟೀನು. ಈ ಕೋಶಗಳು ಸತ್ತರೆ ಆ ಜಾಗಕ್ಕೆ ಹೊಸವು ಹುಟ್ಟುವುದು ಬಹಳ ಕಡಿಮೆ.

ರಕ್ತದಲ್ಲಿ ಸಕ್ಕರೆ ಏರಿದಾಗ ಮೊದಲು ಆಗುವುದು ಒಂದು ತಪ್ಪು ತಿಳಿವಳಿಕೆ. ಸೋಸಿದ ನೀರಿನಲ್ಲಿ ಸಕ್ಕರೆಯೂ ಇಳಿಯುತ್ತದೆ. ಜರಡಿಯ ಮುಂದಿನ ಕೊಳವೆ ಅದನ್ನು ಹಿಡಿದು ರಕ್ತಕ್ಕೆ ಮರಳಿಸುತ್ತದೆ. ಹಾಗೆ ಮರಳುವಾಗ ಸಕ್ಕರೆ ಉಪ್ಪಿನ ಕೈ ಹಿಡಿದುಕೊಂಡೇ ಹೋಗುತ್ತದೆ. ಕೊಳವೆಯ ತಿರುವಿನಲ್ಲಿ ಉಪ್ಪು ಎಷ್ಟಿದೆಯೆಂದು ನೋಡುವ ಕಾವಲು ಕೋಶಗಳಿವೆ. ಉಪ್ಪು ಕಡಿಮೆ ಕಂಡೊಡನೆ ಅವು, "ಅಯ್ಯೋ, ಸೋಸುವುದೇ ಕಡಿಮೆಯಾಯಿತು" ಎಂದುಕೊಂಡು ಜರಡಿಗೆ ರಕ್ತ ತರುವ ನಾಳವನ್ನು ಅಗಲಿಸುತ್ತವೆ. ಜರಡಿಯೊಳಗೆ ಒತ್ತಡ ಏರುತ್ತದೆ. ವಿಚಿತ್ರವೆಂದರೆ ಈ ಹಂತದಲ್ಲಿ ಎಷ್ಟೋ ಜನರ ಮೂತ್ರಪಿಂಡ ಮಾಮೂಲಿಗಿಂತ ಹೆಚ್ಚೇ ಸೋಸುತ್ತಿರುತ್ತದೆ!

ಒತ್ತಡಕ್ಕೆ ಹೆಣೆದ ಬೆರಳು ಸಡಿಲವಾಗಿ ಆಲ್ಬುಮಿನ್ ಸೋರತೊಡಗುತ್ತದೆ. ಸಕ್ಕರೆಯ ಮತ್ತು ಒತ್ತಡದ ಪೆಟ್ಟು ತಿಂದ ಕೋಶಗಳು ಟಿಜಿಎಫ್-ಬೀಟಾ ಎಂಬ ಸಂದೇಶ ಕಳಿಸುತ್ತವೆ. ಅದರ ಅರ್ಥ ಇಷ್ಟೇ: "ಇಲ್ಲಿ ಗಾಯವಾಗಿದೆ, ತೇಪೆ ಹಾಕಿ." ಮಂಡಿಯಲ್ಲಿ ಕೇಳಿಬಂದದ್ದೂ ಇದೇ ಸಂದೇಶ. ಮಂಡಿಯ ಗಾಯ ಮುಚ್ಚಿತು, ಸಂದೇಶ ನಿಂತಿತು. ಇಲ್ಲಿ ಪೆಟ್ಟು ದಿನದಿನವೂ ಬೀಳುತ್ತದೆ, ಸಂದೇಶ ನಿಲ್ಲುವುದಿಲ್ಲ. ತೇಪೆಯ ಮೇಲೆ ತೇಪೆ ಬಿದ್ದು, ಕೊಲಾಜೆನ್ ತುಂಬಿ, ನಾಳಗಳು ಹಿಸುಕಿದಂತಾಗಿ ಜರಡಿ ಮುಚ್ಚಿಹೋಗುತ್ತದೆ. ಅದರ ಕೆಲಸ ಪಕ್ಕದ ಜರಡಿಯ ಹೆಗಲಿಗೆ ಬೀಳುತ್ತದೆ, ಅಲ್ಲೂ ಒತ್ತಡ ಏರುತ್ತದೆ. ಅಂದರೆ ಕೆಡಿಸುತ್ತಿರುವುದು ಹೊರಗಿನ ವೈರಿಯಲ್ಲ, ನಿಲ್ಲಿಸಲು ಗೊತ್ತಿಲ್ಲದ ನಮ್ಮದೇ ರಿಪೇರಿ ಕೆಲಸ.

ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಸಾಲದೆ ಎಂದು ಕೆಲವು ಅಜ್ಜಂದಿರು ಕೇಳುತ್ತಾರೆ. ಅದೂ ಬೇಕು. ಆದರೆ ಅದು ಕಣ್ಣಿಗೆ ಬೀಳುವಷ್ಟು ಏರುವ ಹೊತ್ತಿಗೆ ಸೋಸುವ ಶಕ್ತಿ ಸುಮಾರು ಅರ್ಧ ಹೋಗಿರಬಹುದು. ಸೋರುವ ಆಲ್ಬುಮಿನ್ ಸಾಮಾನ್ಯವಾಗಿ ಅದಕ್ಕಿಂತ ವರ್ಷಗಳ ಮೊದಲೇ ಸಿಕ್ಕಿಬೀಳುತ್ತದೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ.

ಎಚ್ಚರಗೊಂಡು ಏನು ಮಾಡುತ್ತಾರೆ? ಸಕ್ಕರೆ, ರಕ್ತದೊತ್ತಡ ಇಳಿಸುತ್ತಾರೆ. ಜರಡಿಯಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುವ ಮಾತ್ರೆಗಳಿವೆ. ಇನ್ನೊಂದು ಬಗೆಯ ಮಾತ್ರೆಯ ಕಥೆ ನನಗೆ ಬಲು ಇಷ್ಟ. 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಫ್ಲೋರಿಜಿನ್ ಎಂಬ ಕಹಿ ವಸ್ತುವನ್ನು ತೆಗೆದರು. ಅದು ಒಳಹೋದರೆ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆಂದು ಆ ಶತಮಾನದಲ್ಲೇ ಗೊತ್ತಾಯಿತು. ಅದರ ಜಾಡು ಹಿಡಿದು ಮಾಡಿದ ಇಂದಿನ ಮಾತ್ರೆಗಳು ಸಕ್ಕರೆ ಮತ್ತು ಉಪ್ಪು ಕೈಹಿಡಿದು ಮರಳುವುದನ್ನೇ ತಡೆಯುತ್ತವೆ. ಕಾವಲು ಕೋಶಗಳಿಗೆ ಉಪ್ಪು ಕಾಣುತ್ತದೆ, ನಾಳ ಕಿರಿದಾಗುತ್ತದೆ, ಒತ್ತಡ ಇಳಿಯುತ್ತದೆ. (ತೊಗಟೆ ಹುಡುಕಿಕೊಂಡು ಹೊರಡಬೇಡಿ, ಮಾತ್ರೆಯನ್ನೂ ಡಾಕ್ಟರು ಹೇಳದೆ ನುಂಗಬೇಡಿ!)

ಬಿದ್ದ ಕಲೆ ಹೋಗುವುದೇ ಇಲ್ಲವೆಂದು ಬಹಳ ಕಾಲ ನಂಬಿದ್ದರು. 1998ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮೇದೋಜೀರಕ ಗ್ರಂಥಿಯ ಕಸಿಯಿಂದ ಸಕ್ಕರೆ ಪೂರ್ತಿ ಹತೋಟಿಗೆ ಬಂದ ಎಂಟು ಮಂದಿಯ ಮೂತ್ರಪಿಂಡದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರು. ಐದು ವರ್ಷವಾದರೂ ತೇಪೆಗಳು ಹಾಗೇ ಇದ್ದವು. ಹತ್ತನೆಯ ವರ್ಷ ನೋಡಿದಾಗ ಬಹಳಷ್ಟು ಕರಗಿದ್ದವು.

ಅಜ್ಜಿಗೆ ಇದನ್ನು ಓದಿ ಹೇಳು ಮಗೂ. ಬೆಳಗಿನ ಮೊದಲ ಮೂತ್ರವಾದರೆ ಒಳ್ಳೆಯದು, ಒಂದು ಪುಟ್ಟ ಡಬ್ಬಿಯಷ್ಟು ಸಾಕು. ಜ್ವರವಿದ್ದ ದಿನ ಬೇಡ, ಲೆಕ್ಕ ತಪ್ಪಬಹುದು. ಮೊದಲ ಸಲ ಹೆಚ್ಚು ಬಂದರೆ ಗಾಬರಿಯಾಗಬೇಕಿಲ್ಲ, ಕೆಲವು ವಾರ ಬಿಟ್ಟು ಮತ್ತೆ ನೋಡಿಯೇ ಡಾಕ್ಟರು ತೀರ್ಮಾನಿಸುತ್ತಾರೆ. ಮಂಡಿನೋವಿಗೆಂದು ಅಜ್ಜಿ ಅಂಗಡಿಯಿಂದ ನೋವಿನ ಮಾತ್ರೆ ತರಿಸಿಕೊಳ್ಳುತ್ತಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಲಿ. ಅಂಥ ಕೆಲವು ಮಾತ್ರೆ ಮೂತ್ರಪಿಂಡಕ್ಕೆ ಆಗದು. ಚೀಟಿ ಡಬ್ಬಿಯಲ್ಲೇ ಇದೆಯಲ್ಲ?