ಬಲಕ್ಕೆ ಹೊರಳುವ ಚೆಂಡು

ನಿವೃತ್ತರಾದ ಮೇಲೆ ಬೆಳಗಿನ ಹೊತ್ತನ್ನು ಹೇಗೆ ಕಳೆಯುತ್ತೀರಿ ಎಂದು ವಾಚಕರೊಬ್ಬರು ಕೇಳಿ ಬರೆದಿದ್ದಾರೆ. ಸ್ನಾನ, ಜಪ, ವೃತ್ತಪತ್ರಿಕೆ ಎಂದು ಹೇಳಿ ನಾನು ಪಾರಾಗಬಹುದಾಗಿತ್ತು. ಆದರೆ ಇಷ್ಟು ಕಾಲ ಈ ಪುಟದಲ್ಲಿ ನನ್ನ ಮಾತನ್ನು ತಾಳ್ಮೆಯಿಂದ ಕೇಳಿದವರ ಮುಂದೆ ಅರ್ಧ ಸತ್ಯವನ್ನು ಹೇಳುವುದು ಯುಕ್ತವಲ್ಲ. ಕಳೆದ ಎಂಟು ತಿಂಗಳಿಂದ ವಾರಕ್ಕೆ ಎರಡು ದಿನ ನಾನು ಗಾಲ್ಫ್ ಆಟವನ್ನು ಅಭ್ಯಾಸಮಾಡುತ್ತಿದ್ದೇನೆ. ನಗುವವರು ಈಗಲೇ ನಕ್ಕುಬಿಡಲಿ. ನಮ್ಮ ಮನೆಯಲ್ಲಿ ಸಾಕಷ್ಟು ನಕ್ಕಾಗಿದೆ.

ಇದಕ್ಕೆ ಕಾರಣ ಸಕ್ಕರೆಯ ಕಾಯಿಲೆ. ದಿನವೂ ನಡೆಯಬೇಕೆಂದು ವೈದ್ಯರು ಅಪ್ಪಣೆಮಾಡಿದರು. ಬೆಂಗಳೂರಿನ ಬೀದಿಗಳಲ್ಲಿ ನಡೆಯುವುದೆಂದರೆ ಬೇರೊಂದು ಕಾಯಿಲೆಯನ್ನು ತಂದುಕೊಂಡಂತೆ. ಇದನ್ನು ಕಂಡು ನನ್ನ ಅಳಿಯಂದಿರು ತಾವು ಆಡುವ ಮೈದಾನಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ನೋಡುತ್ತಾ ನಿಂತಿದ್ದವನ ಕೈಗೆ ಯಾರೋ ಒಂದು ಕೋಲನ್ನು ಕೊಟ್ಟರು. ಅಲ್ಲಿಂದ ಮುಂದಿನದೆಲ್ಲಾ ನನ್ನ ಸ್ವಯಂಕೃತಾಪರಾಧ.

ಇದು ಸ್ಕಾಟ್ಲೆಂಡ್ ದೇಶದಲ್ಲಿ ಬೆಳೆದ ಆಟ. ಪ್ರಜೆಗಳು ಬಿಲ್ವಿದ್ಯೆಯನ್ನು ಮರೆತು ಇದರಲ್ಲಿ ಮುಳುಗಿದ್ದಾರೆಂದು ಅಲ್ಲಿನ ಶಾಸನಸಭೆಯು 1457ರಲ್ಲಿಯೇ ಇದನ್ನು ನಿಷೇಧಿಸಿತಂತೆ. ನಿಷೇಧಗಳಿಗೆ ಆಗತಕ್ಕ ಗತಿಯೇ ಅದಕ್ಕೂ ಆಯಿತು. ನಮ್ಮ ದೇಶದಲ್ಲಿ ಕಲ್ಕತ್ತೆಯ ಗಾಲ್ಫ್ ಸಂಘವು 1829ರಲ್ಲಿಯೂ ಬೆಂಗಳೂರಿನದು 1876ರಲ್ಲಿಯೂ ಹುಟ್ಟಿದವು. ಆಟದ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು: ನೆಲದ ಮೇಲೆ ಸುಮ್ಮನೆ ಕುಳಿತಿರುವ ಒಂದು ಸಣ್ಣ ಚೆಂಡನ್ನು ಕೋಲಿನಿಂದ ಹೊಡೆದು, ಆದಷ್ಟು ಕಡಮೆ ಏಟುಗಳಲ್ಲಿ, ದೂರದ ಬಾವುಟದ ಬುಡದಲ್ಲಿರುವ ಕುಳಿಗೆ ಸೇರಿಸುವುದು. ಇದರಲ್ಲೇನು ಕಷ್ಟವೆಂದು ನಾನೂ ಕೇಳಿದ್ದೆ.

ಕಷ್ಟವೇನೆಂಬುದು ಮೊದಲನೆಯ ವಾರವೇ ತಿಳಿಯಿತು. ನಾನು ಹೊಡೆದ ಚೆಂಡು ಬಾವುಟದ ಕಡೆಗೇ ಹೊರಟು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಮನಸ್ಸು ಬದಲಾಯಿಸಿದ ಹಾಗೆ ಬಲಕ್ಕೆ ಹೊರಳಿ, ಬೇಲಿಯಂಚಿನ ಗಿಡಗಳಲ್ಲಿ ಹೋಗಿ ಬೀಳುತ್ತಿತ್ತು. ಈ ದೋಷಕ್ಕೆ ಆಟಗಾರರು ‘ಸ್ಲೈಸ್’ ಎನ್ನುತ್ತಾರೆ. ಹೊಸಬರಲ್ಲಿ ಇದಿಲ್ಲದವರು ವಿರಳ. (ನಾನು ಬಲಗೈಯವರನ್ನು ಕುರಿತು ಬರೆಯುತ್ತಿದ್ದೇನೆ, ಎಡಚರು ಎಡಬಲಗಳನ್ನು ಅದಲುಬದಲು ಮಾಡಿಕೊಂಡು ಓದತಕ್ಕದ್ದು.)

ಚೆಂಡು ಬಲಕ್ಕೆ ಹೋದರೆ ಬುದ್ಧಿವಂತನಾದವನು ಏನು ಮಾಡಬೇಕು? ಎಡಕ್ಕೆ ಹೊಡೆಯಬೇಕು. ನಾನೂ ಹಾಗೆಯೇ ಮಾಡಿದೆ. ಎಡಕ್ಕೆ ತಿರುಗಿ ನಿಂತು, ಕೋಲನ್ನು ಎಡಕ್ಕೆ ಎಳೆದು ಬೀಸಿದೆ. ಚೆಂಡು ಹಿಂದಿಗಿಂತ ಹೆಚ್ಚು ಬಲಕ್ಕೆ ಹೊರಳಿತು. ಇನ್ನಷ್ಟು ಎಡಕ್ಕೆ ಬೀಸಿದೆ. ಅದು ಇನ್ನಷ್ಟು ಬಲಕ್ಕೆ ಹೋಯಿತು. ಮೂರು ತಿಂಗಳು ಹೀಗೆ ನಡೆಯಿತು. ಮೂವತ್ತೈದು ವರ್ಷ ಮಕ್ಕಳಿಗೆ ಕಾರ್ಯಕಾರಣಭಾವವನ್ನು ಬೋಧಿಸಿದವನಿಗೆ ಒಂದು ಚೆಂಡು ಅವಿಧೇಯನಾದ ಶಿಷ್ಯನಂತೆ ಕಂಡಿತು.

ಒಂದು ದಿನ ಬೆಳಿಗ್ಗೆ, ಅಲ್ಲಿ ಹೊಸಬರಿಗೆ ಆಟ ಕಲಿಸುವ ಗೃಹಸ್ಥನೊಬ್ಬನು ನನ್ನ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡುತ್ತಿದ್ದನು. ಆಮೇಲೆ ಮೆಲ್ಲಗೆ, “ಇಡಿ ಬಿಗಿಯಾಗದೆ ಮೇಷ್ಟ್ರೇ, ಸಡಿಲ ಮಾಡಿ” ಎಂದನು. ‘ಹಿಡಿ’ ಎನ್ನಬೇಕಾದಲ್ಲಿ ‘ಇಡಿ’ ಎಂದ ಆ ದನಿಯನ್ನು ಕೇಳಿ ನಾನು ತಿರುಗಿ ನೋಡಿದೆ. ಇಪ್ಪತ್ತೈದು ವರ್ಷಗಳ ಕೆಳಗೆ, ನಾನು ಹಳ್ಳಿಯ ಶಾಲೆಯೊಂದರಲ್ಲಿದ್ದಾಗ, ಏಳನೆಯ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗ. ಅವನು ನನ್ನನ್ನು ಎಂದೋ ಗುರುತಿಸಿದ್ದನು, ಮಾತನಾಡಿಸಲು ಸಂಕೋಚಪಟ್ಟಿದ್ದನು.

ಅವನ ವಿಷಯವನ್ನು ಆಮೇಲೆ ಹೇಳುತ್ತೇನೆ. ಮೊದಲು ಅವನು ಕಲಿಸಿದುದನ್ನು ಹೇಳಬೇಕು.

“ನೀವು ಚೆಂಡು ಎಲ್ಲಿಗೆ ಹೋಯ್ತು ಅಂತ ನೋಡಿ ತಿದ್ದುತ್ತಾ ಇದ್ದೀರಿ” ಎಂದನು ಅವನು. “ತಪ್ಪು ಅಲ್ಲಿಲ್ಲ. ಕೋಲು ತಾಕೋ ಜಾಗದಲ್ಲದೆ.”

ತಾಕುವ ಆ ಕ್ಷಣವಾದರೋ ಅತ್ಯಲ್ಪವಾದದ್ದು; ಒಂದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಸುಮಾರು ಒಂದು ಪಾಲು. ಅಷ್ಟರಲ್ಲಿ ಎರಡು ಸಂಗತಿಗಳು ಚೆಂಡಿನ ಹಣೆಬರಹವನ್ನು ಬರೆಯುತ್ತವೆ. ಒಂದು, ಕೋಲಿನ ಮುಖವು ಯಾವ ಕಡೆಗೆ ತಿರುಗಿತ್ತೆಂಬುದು. ಇನ್ನೊಂದು, ಕೋಲು ಯಾವ ಮಾರ್ಗದಲ್ಲಿ ಸಾಗಿ ಬಂದಿತೆಂಬುದು. ಚೆಂಡು ಹೊರಡುವ ದಿಕ್ಕು ಬಹುಪಾಲು ಮುಖಕ್ಕೆ ಅಧೀನ. ಅದು ಮುಂದೆ ಹೊರಳುವುದು ಮುಖಕ್ಕೂ ಮಾರ್ಗಕ್ಕೂ ಇರುವ ಅಂತರಕ್ಕೆ ಅಧೀನ. ಮುಖವು ಮಾರ್ಗಕ್ಕಿಂತ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಹೊರಳುತ್ತದೆ. ಹಿಂದಿನ ಶತಮಾನದ ಬೋಧಕರಲ್ಲಿ ಹಲವರು, ಚೆಂಡು ಮಾರ್ಗದ ದಿಕ್ಕಿನಲ್ಲಿ ಹೊರಟು ಮುಖದ ದಿಕ್ಕಿನಲ್ಲಿ ಮುಗಿಯುತ್ತದೆಂದು ಕಲಿಸುತ್ತಿದ್ದರು. ಈ ಶತಮಾನದಲ್ಲಿ ಚೆಂಡಿನ ಹಾರಾಟವನ್ನು ಅಳೆಯುವ ರೇಡಾರ್ ಯಂತ್ರಗಳು ಬಂದ ಮೇಲೆ ಆ ಮತವು ಬಿದ್ದುಹೋಯಿತು.

ಈಗ ನನ್ನ ಮೂರ್ಖತನವನ್ನು ಲೆಕ್ಕದಲ್ಲಿ ತೋರಿಸುತ್ತೇನೆ. ಬಾವುಟದ ನೇರವನ್ನು ಸೊನ್ನೆ ಎಂದಿಟ್ಟುಕೊಳ್ಳಿ. ನನ್ನ ಕೋಲಿನ ಮಾರ್ಗ 6 ಡಿಗ್ರಿ ಎಡಕ್ಕೆ, ಮುಖ 2 ಡಿಗ್ರಿ ಎಡಕ್ಕೆ ಇದ್ದರೆ, ಮುಖವು ಮಾರ್ಗಕ್ಕಿಂತ 4 ಡಿಗ್ರಿ ಬಲಕ್ಕೆ ತೆರೆದಂತಾಯಿತು. ಚೆಂಡು ಕೊಂಚ ಎಡಕ್ಕೆ ಹೊರಟು ಬಲಕ್ಕೆ ಹೊರಳುತ್ತದೆ. ಇದನ್ನು ಕಂಡು ಹೆದರಿ ನಾನು 10 ಡಿಗ್ರಿ ಎಡಕ್ಕೆ ಬೀಸಿದೆನೆನ್ನಿ. ಮುಖ ಇದ್ದಲ್ಲಿಯೇ ಇದೆ. ಅಂತರ 8 ಡಿಗ್ರಿ ಆಯಿತು. ಔಷಧವೆಂದು ಕುಡಿದದ್ದೇ ರೋಗವನ್ನು ಎರಡರಷ್ಟು ಮಾಡಿತು.

ಹೊರಳುವುದೇಕೆಂದು ಕೇಳುವ ಜಿಜ್ಞಾಸುಗಳಿಗೆ ಎರಡು ಮಾತು. ಕೋಲಿನ ಮುಖವು ಹಿಂದಕ್ಕೆ ಓರೆಯಾಗಿರುವುದರಿಂದ ಚೆಂಡು ಹಿಮ್ಮುಖವಾಗಿ ಗಿರನೆ ತಿರುಗುತ್ತಾ ಹೋಗುತ್ತದೆ. ಆ ತಿರುಗಾಟವು ಗಾಳಿಯಲ್ಲಿ ಅದನ್ನು ಮೇಲೆತ್ತಿ ಹಿಡಿಯುತ್ತದೆ. ಮುಖವು ಮಾರ್ಗಕ್ಕೆ ತೆರೆದಿದ್ದರೆ ತಿರುಗಾಟದ ಅಕ್ಷವು ಬಲಗಡೆಗೆ ವಾಲುತ್ತದೆ. ಮೇಲೆತ್ತುವ ಶಕ್ತಿಯೂ ಅದರೊಡನೆ ವಾಲಿ ಚೆಂಡನ್ನು ಪಕ್ಕಕ್ಕೆ ಎಳೆಯುತ್ತದೆ. ಓರೆಯಾಗಿ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ನ್ಯೂಟನ್ ಮಹಾಶಯನು 1672ರಲ್ಲಿಯೇ ಗಮನಿಸಿ ಬರೆದಿದ್ದನು. 1852ರಲ್ಲಿ ಜರ್ಮನಿಯ ಮ್ಯಾಗ್ನಸ್ ಎಂಬ ವಿದ್ವಾಂಸನು ಇದನ್ನು ಪ್ರಯೋಗದಿಂದ ಶೋಧಿಸಿದನು. ಅವನ ಹೆಸರೇ ಇದಕ್ಕೆ ನಿಂತಿದೆ. ಗಾಲ್ಫ್ ಚೆಂಡನ್ನೇ ಹಿಡಿದು ವಿಚಾರಮಾಡಿದವನು ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರೊಫೆಸರ್ ಟೇಟ್. ಅವನು ಚೆಂಡಿಗೆ ಹಗುರವಾದ ಪಟ್ಟಿಯೊಂದನ್ನು ಕಟ್ಟಿ ಹೊಡೆಸಿ, ಪಟ್ಟಿಯಲ್ಲಿ ಬಿದ್ದ ತಿರುಚುಗಳನ್ನು ಎಣಿಸಿ, ಚೆಂಡಿನ ತಿರುಗಾಟವನ್ನು ಕಂಡುಹಿಡಿದನು. ಅವನ ಮಗ ಫ್ರೆಡ್ಡಿ ಟೇಟ್ 1896ರಲ್ಲಿಯೂ 1898ರಲ್ಲಿಯೂ ಬ್ರಿಟನ್ನಿನ ಹವ್ಯಾಸಿ ಆಟಗಾರರ ಪಂದ್ಯವನ್ನು ಗೆದ್ದನು. ತಂದೆಯದು ಶಾಸ್ತ್ರ, ಮಗನದು ಪ್ರಯೋಗ. ಒಂದೇ ಮನೆಯಲ್ಲಿ ಎರಡೂ ಕೂಡಿದ್ದು ಅಪೂರ್ವ.

ಉದ್ದವಾದ ‘ಡ್ರೈವರ್’ ಕೋಲಿನಲ್ಲಿ ಈ ದೋಷ ಎದ್ದು ಕಾಣುವುದೂ ಇದರಿಂದಲೇ. ಅದರ ಮುಖದ ಓರೆ ಸುಮಾರು 10 ಡಿಗ್ರಿ ಮಾತ್ರ. ಹಿಂದಿರುಗಾಟ ಕಡಮೆಯಾದ್ದರಿಂದ ಸ್ವಲ್ಪ ತಪ್ಪಿಗೇ ಅಕ್ಷವು ಬಹಳ ವಾಲುತ್ತದೆ. ಹೆಚ್ಚು ಓರೆಯಾದ ಗಿಡ್ಡ ಕೋಲುಗಳು ಅದೇ ತಪ್ಪನ್ನು ಬಹುಮಟ್ಟಿಗೆ ಮುಚ್ಚಿಹಾಕುತ್ತವೆ.

ಇನ್ನು ಚಿಕಿತ್ಸೆ. ರೋಗದ ನಿದಾನವನ್ನು ತೊಲಗಿಸುವುದೇ ಮೊದಲ ಚಿಕಿತ್ಸೆಯೆಂದು ನಮ್ಮ ಆಯುರ್ವೇದಜ್ಞರು ಹೇಳುತ್ತಾರೆ. ಇಲ್ಲಿ ನಿದಾನಗಳು ಎರಡು: ತೆರೆದ ಮುಖ, ಎಡಕ್ಕೆ ಎಳೆಯುವ ಮಾರ್ಗ. ಯಾವುದನ್ನು ಮೊದಲು ತಿದ್ದಬೇಕು? ಮುಖವನ್ನು. ಏಕೆಂದರೆ ಮುಖ ತೆರೆದಿರುವಾಗಲೇ ಮಾರ್ಗವನ್ನು ನೇರಮಾಡಿದರೆ ಚೆಂಡು ಹೊರಡುವಾಗಲೇ ಬಲಕ್ಕೆ ಹೋಗುತ್ತದೆ. ಆಟಗಾರನು ಬೆದರಿ ಮತ್ತೆ ಎಡಕ್ಕೆ ಎಳೆಯತೊಡಗುತ್ತಾನೆ.

ಮುಖವನ್ನು ತಿದ್ದುವುದು ಹಿಡಿತದಿಂದ. ಎಡಗೈಯನ್ನು ಕೋಲಿನ ಮೇಲೆ ಕೊಂಚ ಬಲಕ್ಕೆ ತಿರುಗಿಸಿ ಹಿಡಿಯಬೇಕು. ತಲೆ ಬಗ್ಗಿಸಿ ನೋಡಿದರೆ ಎಡಗೈಯ ಗೆಣ್ಣುಗಳಲ್ಲಿ ಎರಡೋ ಮೂರೋ ಕಾಣಬೇಕು. ಎರಡು ಕೈಗಳಲ್ಲಿಯೂ ಹೆಬ್ಬೆರಳು ತೋರುಬೆರಳುಗಳ ನಡುವಣ ಗೆರೆಯು ಬಲಭುಜದ ಕಡೆಗೆ ತೋರಬೇಕು. ಹಿಡಿತವು ಸಡಿಲವಾಗಿರಬೇಕು, ಮುಷ್ಟಿ ಬಿಗಿದರೆ ಮಣಿಕಟ್ಟು ತಿರುಗುವುದಿಲ್ಲ, ಮುಖ ಮುಚ್ಚುವುದಿಲ್ಲ. ಹೀಗೆ ಹಿಡಿದು ಅರ್ಧ ಬೀಸಿನಿಂದ ಹೊಡೆಯುತ್ತಾ, ಚೆಂಡು ಎಡಕ್ಕೆ ಹೊರಳುವವರೆಗೂ ಬಿಡಬಾರದು. ಅದು ಎಡಕ್ಕೆ ಹೊರಳಿದ ದಿನ ಸಂತೋಷಪಡತಕ್ಕದ್ದು.

ಆಮೇಲೆ ಮಾರ್ಗ. ನೆಲದ ಮೇಲೆ ಒಂದು ಕಡ್ಡಿಯನ್ನು ಬಾವುಟದ ನೇರಕ್ಕೆ ಸಮಾನಾಂತರವಾಗಿಟ್ಟು, ಪಾದಗಳೂ ಭುಜಗಳೂ ಅದಕ್ಕೆ ಹೊಂದಿವೆಯೇ ಎಂದು ನೋಡಿಕೊಳ್ಳಬೇಕು. ಎಡಕ್ಕೆ ಹೊಡೆದು ಅಭ್ಯಾಸವಾದವನ ಭುಜಗಳು ಅವನಿಗೆ ತಿಳಿಯದೆಯೇ ಎಡಕ್ಕೆ ತಿರುಗಿರುತ್ತವೆ. ಡ್ರೈವರಿಗೆ ಚೆಂಡು ಎಡಹಿಮ್ಮಡಿಯ ನೇರಕ್ಕಿದ್ದರೆ ಸಾಕು, ಅದಕ್ಕಿಂತ ಮುಂದೆ ಬೇಡ. ಕೋಲು ಕೆಳಗಿಳಿಯುವಾಗ ಬಲಭುಜವು ಮುನ್ನುಗ್ಗಬಾರದು. ಮೊದಲು ಸೊಂಟದ ಕೆಳಗಣ ಭಾಗವು ತಿರುಗಿ, ತೋಳುಗಳು ಅದರ ಹಿಂದೆ ಇಳಿಯಬೇಕು. ಇದಕ್ಕೊಂದು ಉಪಾಯವಿದೆ. ಕೋಲಿಗೆ ತೊಡಿಸುವ ಬಟ್ಟೆಯ ಕುಲಾವಿಯನ್ನು ಚೆಂಡಿಗೆ ಒಂದು ಅಡಿ ಹಿಂದೆ, ನಮ್ಮಿಂದ ಆಚೆಯ ಪಕ್ಕಕ್ಕೆ ಕೊಂಚ ಸರಿಸಿ ಇಡುವುದು. ಕೋಲು ಹೊರಗಿನಿಂದ ಒಳಕ್ಕೆ ಎಳೆದು ಬಂದರೆ ಕುಲಾವಿ ಹಾರುತ್ತದೆ. ಒಳಗಿನಿಂದ ಬಂದರೆ ಕುಲಾವಿ ಉಳಿಯುತ್ತದೆ.

ಕಡೆಯದಾಗಿ, ಚೆಂಡು ಮುಖದ ನಡುವೆ ತಾಕುತ್ತಿದೆಯೇ ಎಂದು ನೋಡಬೇಕು. ಡ್ರೈವರಿನ ಹಿಮ್ಮಡಿಯ ಕಡೆ, ಅಂದರೆ ಕೋಲಿನ ಬುಡದ ಕಡೆ, ತಾಕಿದ ಚೆಂಡಿಗೆ ಬಲಕ್ಕೆ ಹೊರಳುವ ಗುಣ ತಾನಾಗಿಯೇ ಬರುತ್ತದೆ. ಚೆಂಡಿಗೆ ಸೀಮೆಸುಣ್ಣ ಬಳಿದು ಹೊಡೆದರೆ ಗುರುತು ಬೀಳುತ್ತದೆ. ನಿವೃತ್ತನಾದ ಮೇಲೆ ನಾನು ಸೀಮೆಸುಣ್ಣವನ್ನು ಮತ್ತೆ ಕೈಯಲ್ಲಿ ಹಿಡಿದದ್ದು ಇದಕ್ಕಾಗಿ. ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಇಲ್ಲವಾದರೆ ಅನ್ವಯವ್ಯತಿರೇಕಗಳಿಂದ ಕಾರಣವನ್ನು ನಿಶ್ಚಯಿಸುವುದು ಸಾಧ್ಯವಿಲ್ಲ.

ಆರು ವಾರಗಳಲ್ಲಿ ನನ್ನ ಚೆಂಡು ಬಹುಮಟ್ಟಿಗೆ ನೇರವಾಯಿತು. ಅಷ್ಟು ದಿನವೂ ಆ ಶಿಷ್ಯನು ಒಂದು ಸಲವಾದರೂ ದನಿಯೇರಿಸಲಿಲ್ಲ. ಚೆಂಡು ಗಿಡಗಳಿಗೆ ಹೋದಾಗ ಅದರ ಕಡೆ ನೋಡುತ್ತಲೇ ಇರಲಿಲ್ಲ. ನನ್ನ ಬೆರಳುಗಳನ್ನು ಹಿಡಿದು ಎಲ್ಲಿರಬೇಕೋ ಅಲ್ಲಿ ಕೂರಿಸುತ್ತಿದ್ದನು.

ಈಗ ಅವನ ವಿಷಯ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಹಲವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಅವನು ಹಕ್ಕಿಯನ್ನು ‘ಅಕ್ಕಿ’ ಎಂದು ಓದುತ್ತಿದ್ದನು. ನಾನು ಬೆತ್ತವನ್ನು ಮೇಜಿನ ಮೇಲೆ ಕುಟ್ಟಿ, “ಹ ಸೇರಿಸು, ಹ ಸೇರಿಸು” ಎಂದು ಗದರಿಸುತ್ತಿದ್ದೆ. ಹೆದರಿದ ಹುಡುಗ ಸೇರಿಸತೊಡಗಿದನು, ಎಲ್ಲೆಲ್ಲಿಯೂ ಸೇರಿಸಿದನು. ಅಕ್ಕಿಯು ‘ಹಕ್ಕಿ’ಯಾಯಿತು, ಅನ್ನವು ‘ಹನ್ನ’ವಾಯಿತು. ತರಗತಿಯೆಲ್ಲಾ ನಕ್ಕಿತು. ಅವನು ಹಾಸ್ಯಮಾಡುತ್ತಿದ್ದಾನೆಂದು ತಿಳಿದು ನಾನು ಇನ್ನೂ ಗದರಿಸಿದೆ. ಕೆಲವು ದಿನಗಳಲ್ಲಿ ಅವನು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸಿದನು. ಮರುವರ್ಷ ಶಾಲೆಗೆ ಬರಲಿಲ್ಲ. ಮನೆಯಲ್ಲಿ ಬಡತನವೂ ಇತ್ತು; ಆದರೆ ಅದೊಂದೇ ಕಾರಣವೆಂದು ಹೇಳಿ ನಾನು ತಪ್ಪಿಸಿಕೊಳ್ಳಲಾರೆ.

ಅಕಾರವೂ ಹಕಾರವೂ ಎರಡೂ ಕಂಠ್ಯವೆಂದು ನಾನು ಶಿಕ್ಷಾಶಾಸ್ತ್ರದಲ್ಲಿ ಓದಿದ್ದೆ. ಎರಡಕ್ಕೂ ಸ್ಥಾನ ಒಂದೇ, ಭೇದವಿರುವುದು ಉಸಿರಿನಲ್ಲಿ. ಅಂಗೈಯನ್ನು ಬಾಯಿಯ ಮುಂದಿಟ್ಟುಕೊಂಡು ಆ ಉಸಿರನ್ನು ಗುರುತಿಸುವುದನ್ನು ಹತ್ತು ನಿಮಿಷ ಕೂರಿಸಿ ತೋರಿಸಿದ್ದರೆ ಆ ಹುಡುಗನು ಕಲಿಯುತ್ತಿದ್ದನು. ನಾನಾದರೋ ಮಾತು ಹೋಗಿ ಬಿದ್ದ ಜಾಗವನ್ನು ನೋಡಿ ಕೂಗಿದೆ. ಹೊರಡುವ ಜಾಗವನ್ನು ನೋಡಲಿಲ್ಲ. ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ತಾಯ್ತಂದೆಗಳು ಈ ಪುಟವನ್ನು ಓದುತ್ತಾರೆಂದು ನಾನು ಬಲ್ಲೆ; ಗಾಲ್ಫ್ ಕೋಲನ್ನು ಎಂದೂ ಮುಟ್ಟದವರಿಗೂ ಈ ಲೇಖನದಲ್ಲಿ ಇಷ್ಟು ಉಪಯೋಗವಿರಲೆಂದು ಬರೆದಿದ್ದೇನೆ.

ಕಳೆದ ವಾರ ಧೈರ್ಯಮಾಡಿ ಅವನಿಗೆ ಇದನ್ನೆಲ್ಲಾ ಹೇಳಿ, “ತಪ್ಪಾಯಿತಪ್ಪ” ಎಂದೆ. ಅವನು ತಲೆ ತಗ್ಗಿಸಿಕೊಂಡು, ಚೆಂಡಿನ ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದನು. “ಅದೆಲ್ಲಾ ಈಗ್ಯಾಕೆ ಮೇಷ್ಟ್ರೇ? ಇನ್ನೂ ಅತ್ತು ಚೆಂಡು ಉಳಿದವೆ. ಒಡೀರಿ” ಎಂದನು.

ನಾನು ಹಿಡಿಯನ್ನು ಸಡಿಲಿಸಿಕೊಂಡು ಹತ್ತನ್ನೂ ಹೊಡೆದೆ.